ಬಿಟ್ಟು ಬಿಟ್ಟು ಬೀಸಿದ ಗಾಳಿ

ಗಾಳಿ ಬೀಸುವುದು ನಿಂತು ಹನ್ನೊಂದು ವರ್ಷವಾಗಿತ್ತು. ಈಗ ಓಣಿಗೊಂದು ದೊಡ್ಡ ಫ್ಯಾನು. ಈ ಓಣಿಯದನ್ನು ತಿರುಗಿಸುತ್ತಿದ್ದ ಹಳೆಯ ಕಾರಿನ ಇಂಜಿನ್ನು ನಾಲ್ಕು ದಿನದಿಂದ ಕುಂಟುತ್ತಿತ್ತು.

ಮೆಕ್ಯಾನಿಕ್ ದಾವಲಸಾಬ ಫ್ಯಾನಿನ ಬೆಲ್ಟು ಬಿಚ್ಚಿ ಪ್ಲಗ್ಗುಗಳನ್ನು ನೋಡಿದ. ಸರಿಯಾಗಿಯೇ ಇದ್ದವು. ಇಂಜಿನ್ನು ಚಾಲು ಮಾಡಿ ಬೀಡಿ ಹಚ್ಚಿದ. ಕೋಲಿನಂತೆ ನೆಟ್ಟಗೆ ಏರುತ್ತಿದ್ದ ಹೊಗೆ ಇಂಜಿನ್ನು ಗಾಳಿ ಎಳೆದುಕೊಳ್ಳುವ ರಬ್ಬರ್ ಪೈಪಿನ ಹತ್ತಿರ ಸರಕ್ಕನೆ ಬಾಗಿ, ಒಂದು ಸೀಳಿನೊಳಗೆ ನುಗ್ಗಿತು. ಅಲ್ಲಿಗೆ ಟೇಪು ಸುತ್ತಿ ಬೆಲ್ಟು ಹಾಕಿದ. ಗಾಳಿ ಒಂದೇ ಸಮ ಬೀಸತೊಡಗಿತು.

ಕಟ್ಟೆಯ ಮೇಲೆ ಕೂತಿದ್ದ ಕಣ್ಣಿಲ್ಲದ ತಿಪ್ಪವ್ವಜ್ಜಿಯ ಮುಖ ಬಾಡಿತು. "ನಾಕ್ ದಿನ ಬಿಟ್ ಬಿಟ್ ಬೀಸ್ತಿತ್ತಪಾ ತಮ್ಮಾ. ಖರೇ ಗಾಳಿನ ತಿರುಗಿ ಬಂತಂತ ತಿಳ್ದಿದ್ದೆ."

ದಾವಲಸಾಬ ಬಗ್ಗಿ ಟೇಪು ಬಿಚ್ಚಿದ. ಇಂಜಿನ್ನು ಮತ್ತೆ ಕುಂಟಿತು, ಅಜ್ಜಿಯ ಸೆರಗು ಹಾರಿ ಇಳಿಯಿತು.

"ಖರೇ ಗಾಳಿನ ಐತಿ ಬೇ ಯವ್ವಾ," ಎಂದ. "ನಾನ ಅದಕ್ಕ ಅಡ್ಡ ನಿಂತಿದ್ದೆ."