ಚಳಿರಾಯನ ಕೋಟು

"ಕೋಟು ಭಾರ ಆಯ್ತಾ ಸಾರ್?" ಎಂದು ನಿರ್ದೇಶಕ ಬ್ರೆಟ್ ಲಾರ್ಸನ್ ಕೇಳಿದ. ಲೆಸ್ಟರ್ ಟೆಂಡ್ಲರ್ ಅವರ ಎಂಬತ್ತು ದಾಟಿದ ಹೆಗಲ ಮೇಲೆ ಬಿಳಿ ತುಪ್ಪಳದ ಆ ಕೋಟು ಕೂತಿತ್ತು, ಹೊರಗೆ ಲಾಸ್ ಏಂಜಲೀಸಿನ ಬಿಸಿಲು ಧಗಧಗ ಎನ್ನುತ್ತಿತ್ತು. ಆ ಕೋಟನ್ನು ಅವರಿಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಹರೆಯದಲ್ಲಿ ಅದನ್ನು ಕಾಗದದ ಮೇಲೆ ಬಿಡಿಸಿದವರೇ ಅವರು. ನೀಲಿ ಮುಖ, ಬೆರಳಿಗೊಂದು ಉಂಗುರ, ಉಫ್ ಎಂದು ಊದಿದರೆ ಇಡೀ ಊರು ಹೆಪ್ಪುಗಟ್ಟಬೇಕು. ಆ ಕೋಟು ತೊಟ್ಟ ಖಳನ ಹೆಸರು ಚಳಿರಾಯ. ಮೂರು ತಲೆಮಾರಿನ ಮಕ್ಕಳು ಅವನನ್ನು ಬೈದುಕೊಂಡೇ ಕಾಮಿಕ್ಸ್ ಓದಿದ್ದರು.

ಕಾಮಿಕ್ಸನ್ನು ಸಿನಿಮಾ ಮಾಡುವಾಗ ಪಾತ್ರವನ್ನು ಹುಟ್ಟಿಸಿದ ಮುದುಕ ಇನ್ನೂ ಬದುಕಿದ್ದರೆ, ಅವನನ್ನು ಕರೆತಂದು ಅರೆಗಳಿಗೆ ತೆರೆಯ ಮೇಲೆ ತೋರಿಸುವುದು ಇಲ್ಲಿನ ಪದ್ಧತಿ. ಅಭಿಮಾನಿಗಳು ಸಿಳ್ಳೆ ಹೊಡೆಯುತ್ತಾರೆ, ಚಿತ್ರಕ್ಕೆ ಹಿರಿಯರ ಆಶೀರ್ವಾದ ಸಿಕ್ಕಂತಾಗುತ್ತದೆ. ಕಥೆಯನ್ನು ಮಾತ್ರ ಆ ಹಿರಿಯರಿಗೂ ಮುಂಚೆ ಹೇಳುವುದಿಲ್ಲ, ಗುಟ್ಟು ಹೊರಗೆ ಬಿದ್ದೀತೆಂಬ ಭಯ. "ಈ ಸಲ ನಿಮ್ಮ ಚಳಿರಾಯ ನಿಜವಾದ ಮನುಷ್ಯ" ಎಂದಷ್ಟೇ ಫೋನಿನಲ್ಲಿ ಹೇಳಿದ್ದರು.

ಅಷ್ಟಕ್ಕೇ ಲೆಸ್ಟರ್ ಹಿಗ್ಗಿಹೋಗಿದ್ದರು. ಯಾಕೆಂದರೆ ಚಳಿರಾಯ ಮೊದಲಿನಿಂದಲೂ ನಿಜವಾದ ಮನುಷ್ಯನೇ. ಚಿಕ್ಕಂದಿನಲ್ಲಿ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ಅವರಿದ್ದ ವಠಾರದ ಮಾಲೀಕ. ಕಲ್ಲಿದ್ದಲು ಉಳಿಸಲೆಂದು ನಡು ಜನವರಿಯಲ್ಲಿ ಬಾಯ್ಲರ್ ಆರಿಸಿ, ತಾನು ತುಪ್ಪಳದ ಕೋಟು ತೊಟ್ಟು ಬಾಡಿಗೆ ವಸೂಲಿಗೆ ಬರುತ್ತಿದ್ದ. ಕೋಣೆಗಳಿಗೆ ಬಿಸಿ ಹಬೆ ತರುವ ಕಬ್ಬಿಣದ ಕೊಳವೆ ತಣ್ಣಗೆ ಕೊರೆಯತೊಡಗಿದರೆ ವಠಾರದವರೆಲ್ಲ ಚಮಚ ಹಿಡಿದು ಅದನ್ನೇ ಬಡಿಯುತ್ತಿದ್ದರು, ನೆಲಮಾಳಿಗೆಯಲ್ಲಿ ಬಾಯ್ಲರ್ ಬಳಿ ಇರುತ್ತಿದ್ದ ಮಾಲೀಕನಿಗೆ ಕೇಳಲಿ ಎಂದು. ಅವನಿಗೆ ಕೇಳುತ್ತಿತ್ತು. ಅಂಥ ಒಂದು ಚಳಿಗಾಲ ಪುಟ್ಟ ತಂಗಿ ಬೆಸ್ಸಿ ನ್ಯುಮೋನಿಯಾ ಆಗಿ ಸತ್ತಳು. ಕೋರ್ಟಿನ ಮೆಟ್ಟಿಲು ಹತ್ತಲು ಗತಿಯಿಲ್ಲದವರ ಮಗ ದೊಡ್ಡವನಾದ ಮೇಲೆ ಆ ಮಾಲೀಕನ ಮುಖಕ್ಕೆ ನೀಲಿ ಬಳಿದ.

"ಸೀನ್ ಏನಪ್ಪಾ? ನಾನು ಬಾಯ್ಲರ್ ಆರಿಸ್ಬೇಕಾ?" ಎಂದು ಲೆಸ್ಟರ್ ಕೇಳಿದರು.

ಬ್ರೆಟ್ ನಕ್ಕ. "ಅಯ್ಯೋ, ಇಲ್ಲ ಸಾರ್. ನೀವು ಕಟ್ಟಡದ ಮಾಲೀಕರು, ತುಂಬಾ ಒಳ್ಳೆಯವರು. ಬಾಡಿಗೆದಾರರಿಗೆ ಅಂತ ಕ್ರಿಸ್‌ಮಸ್ ಕೇಕ್ ತಂದಿರ್ತೀರ. ಚಳಿರಾಯ ಬಾಗಿಲ ಹಿಂದೆ ಹೊಂಚು ಹಾಕಿರ್ತಾನೆ."

"ಮಾಲೀಕ ನಾನಾದ್ರೆ ಚಳಿರಾಯ ಯಾರು?"

ಬ್ರೆಟ್ ಮೂಲೆಗೆ ಕೈ ತೋರಿಸಿದ. ಹರಿದ ಸ್ವೆಟರಿನ, ತುಟಿ ಒಡೆದಂತೆ ಬಣ್ಣ ಹಚ್ಚಿಸಿಕೊಂಡ ನಟ ಕೀರನ್ ಕಾಫಿ ಕುಡಿಯುತ್ತಿದ್ದ. "ಮೂರನೇ ಮಹಡಿ ಬಾಡಿಗೆದಾರ. ಕೆಲ್ಸ ಹೋಗಿದೆ, ತಂಗಿ ಚಳೀಲಿ ಸತ್ತಿದಾಳೆ. ತಲೆ ಕೆಟ್ಟು, ಕಂಡಕಂಡ ಮಾಲೀಕರನ್ನೆಲ್ಲ ಮಾಂಸದ ಫ್ರೀಜರಿಗೆ ನೂಕ್ತಾನೆ. ತಂಗಿ ವಿಷಯ ನಿಮ್ಮ ಸಂದರ್ಶನದಿಂದ್ಲೇ ತಗೊಂಡೆ ಸಾರ್. ಓದಿ ಅತ್ತುಬಿಟ್ಟೆ."

ಲೆಸ್ಟರರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. "ಲೋ, ಅವಳನ್ನ ಕೊಂದಿದ್ದು ಕೋಟು ಹಾಕ್ಕೊಂಡಿದ್ದೋನು ಕಣೋ. ನಡುಗ್ತಿದ್ದೋನಲ್ಲ."

"ಗೊತ್ತು ಸಾರ್. ಆದ್ರೆ ಬಾಯ್ಲರ್ ಆರಿಸೋ ಮಾಲೀಕ ಅಂದ್ರೆ ತೀರಾ ಕಾಮಿಕ್ಸ್ ಆಗ್ಬಿಡತ್ತೆ. ಇಷ್ಟು ಕೆಟ್ಟೋರು ಎಲ್ಲಿರ್ತಾರೆ ಅಂತ ಜನ ಕೇಳ್ತಾರೆ. ಈಗಿನವ್ರು ನಂಬೋ ಹಾಗಿರ್ಬೇಕಲ್ಲ."

"ಇಷ್ಟು ಕೆಟ್ಟೋರು ಎಲ್ಲಿರ್ತಾರೆ ಅಂತ ನಮ್ಮಮ್ಮನೂ ಕೇಳ್ತಿದ್ಲು. ಆಗ್ಲೇ ಅವನು ಬಾಡಿಗೆಗೆ ಬಂದು ಬಾಗಿಲು ತಟ್ಟಿದ."

ಬ್ರೆಟ್ ಮಗುವನ್ನು ಸಮಾಧಾನ ಮಾಡುವವನಂತೆ ಅವರ ತೋಳು ಸವರಿದ. "ನಿಮಗಿರೋದು ಒಂದೇ ಮಾತು ಸಾರ್. ಕೀರನ್ ಕುತ್ತಿಗೆಗೆ ಕೈ ಹಾಕ್ದಾಗ, ನಾನು ಯಾರಿಗೂ ಕೆಟ್ಟದ್ದು ಮಾಡಿದವನಲ್ಲ, ಅಂತ ಹೇಳ್ಬೇಕು. ಅಷ್ಟೇ."

ಬೇಡವೆಂದು ಎದ್ದು ಹೋಗಬಹುದಿತ್ತು. ಹೋದರೆ ಕೋಟಿಗೆ ಇನ್ನೊಬ್ಬ ಮುದುಕ ಸಿಗುತ್ತಾನೆ, ಚಿತ್ರ ನಿಲ್ಲುವುದಿಲ್ಲ. ಚಳಿರಾಯನ ಹಕ್ಕು ಎಂದೋ ಕಾಮಿಕ್ಸ್ ಕಂಪನಿಯವರ ಪಾಲಾಗಿತ್ತು. ಲೆಸ್ಟರರ ಕೈಲಿ ಉಳಿದಿದ್ದು ತಮ್ಮ ಮುಖ ಒಂದೇ, ಇವರಿಗೆ ಬೇಕಾಗಿದ್ದುದೂ ಅದೇ. ಬೆಸ್ಸಿಯ ಅಣ್ಣನ ಬಾಯಲ್ಲೇ ಅವಳನ್ನು ಕೊಂದವನು ನಿರಪರಾಧಿ ಎನ್ನಿಸಿಬಿಟ್ಟರೆ ಇವರ ಕೆಲಸ ಮುಗಿಯಿತು.

ದೀಪಗಳು ಹತ್ತಿದವು. ಕ್ಯಾಮೆರಾ ತಿರುಗಿತು. ಕೀರನ್ ಬಾಗಿಲ ಹಿಂದಿನಿಂದ ನುಗ್ಗಿ ಬಂದು ಅವರ ಕುತ್ತಿಗೆ ಹಿಡಿದ. ಲೆಸ್ಟರ್ ಬಾಯಿ ಬಿಡಲಿಲ್ಲ. ಅವನ ಕೈಗಳನ್ನು ಮೆಲ್ಲಗೆ ಬಿಡಿಸಿದರು, ಕೋಟನ್ನು ಹೆಗಲಿನಿಂದ ಜಾರಿಸಿ ನೆಲಕ್ಕೆ ಕೆಡವಿದರು, ಕೇಕಿನ ತಟ್ಟೆಯಲ್ಲಿದ್ದ ಚಮಚ ತೆಗೆದುಕೊಂಡು ಗೋಡೆಯ ಹತ್ತಿರ ಹೋದರು.

ಅಲ್ಲಿ ಹಬೆಯ ಕೊಳವೆ ಇತ್ತು. ಅದೇ ತುಕ್ಕು, ಅದೇ ಗಂಟುಗಂಟಾದ ಬೆಳ್ಳಿ ಬಣ್ಣ, ನೀರು ಸೋರಿದ ಅದೇ ಕಲೆ. ಅರೆಕ್ಷಣ ಅವರಿಗೇ ತಾವೆಲ್ಲಿದ್ದೇವೆ ಎಂಬುದು ಮರೆತುಹೋಯಿತು. ತಂಗಿ ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತಿದ್ದಾಗ ಬಡಿದಂತೆಯೇ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಬಡಿದರು. ಸದ್ದಾಗಲಿಲ್ಲ. ಚಮಚ ಸರಕ್ಕನೆ ಒಳಗಿಳಿಯಿತು. ಮತ್ತೆ ಬಡಿದರು, ಮತ್ತೆ ಮತ್ತೆ ಬಡಿದರು. ಥರ್ಮಾಕೋಲಿನ ಬಿಳಿ ಚೂರುಗಳು ಉದುರಿ ಅವರ ಕಾಲ ಸುತ್ತ ಹರಡಿದವು.

ಬ್ರೆಟ್ ಕಣ್ಣೊರೆಸಿಕೊಳ್ಳುತ್ತ ಬಂದ. ಬಿದ್ದಿದ್ದ ಕೋಟನ್ನು ಎತ್ತಿ, ಕೊಡವಿ, ಮತ್ತೆ ಅವರ ಹೆಗಲಿಗೆ ಹೊದಿಸಿದ.

"ಎಷ್ಟು ನಿಜವಾಗಿತ್ತು ಸಾರ್," ಎಂದ. "ಕೋಟು ಹಾಕ್ಕೊಂಡೇ ಇನ್ನೊಂದ್ಸಲ ಹೀಗೇ ಬಡೀರಿ. ಸದ್ದು ಆಮೇಲೆ ನಾವು ಸೇರಿಸ್ಕೋತೀವಿ."