ವಾಪಸ್ ಬರದ ಚೆಂಡು

"ಡಬ್ಬಿ ಮೇಲೇ ಮದ್ರಾಸ್ ಅಂತ ಐತೆ ಕಣಮ್ಮ. ನಲವತ್ತೇಳು ವರ್ಸ ನಮ್ಮನೇಲಿದ್ದ ಚೆಂಡು, ನಂಗೊತ್ತಿಲ್ವಾ?" ಎಂದರು ಅನಂತರಾಜು.

"ಡಬ್ಬಿ ಮದ್ರಾಸಿಂದೇ ಇರ್ಬಹುದು ರಾಜಣ್ಣ. ಚೆಂಡು ನಂದು," ಎಂದರು ನಜ್ಮುನ್ನೀಸಾ.

ಇಬ್ಬರ ನಡುವೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಬಣ್ಣ ಮಾಸಿದ ಹಳದಿ ಉಲ್ಲನ್ನಿನ ಚೆಂಡು. ಎಪ್ಪತ್ತೇಳರ ಬಾಲ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಅಲ್ಲಾಳಸಂದ್ರದ ಐದು ಹುಡುಗರು ಪೇಟೆಯ ತಂಡಕ್ಕೆ ಮಣ್ಣು ಮುಕ್ಕಿಸಿದ್ದು ಇದೇ ಚೆಂಡಿನಲ್ಲಿ. ಅವತ್ತು ಕ್ಯಾಪ್ಟನ್ ಆಗಿದ್ದ ಅನಂತರಾಜು ಅದನ್ನು ಜೇಬಿಗೆ ಹಾಕಿಕೊಂಡು ಬಂದಿದ್ದರು. ಈಗ ಯಲಹಂಕದಲ್ಲಿ ಹಳೇ ಆಟಗಳ ದಾಖಲೆ ಮನೆ ಶುರುವಾಗುತ್ತಿದೆ ಎಂದು ತಾವಾಗಿಯೇ ತಂದುಕೊಟ್ಟಿದ್ದರು. ನಾಳೆ ಬೆಳಿಗ್ಗೆ ಉದ್ಘಾಟನೆ. ಚೆಂಡಿನ ಕೆಳಗಿನ ಚೀಟಿಯಲ್ಲಿ ಆಡಿದ ಐವರ ಹೆಸರು, ಕೊನೆಗೊಂದು ಸಾಲು: ತಯಾರಿ, ಮದ್ರಾಸ್. ಮೊಮ್ಮಗಳು ತಸ್ನೀಮ್ ಫೋನಿನಲ್ಲಿ ತೋರಿಸಿದ ಫೋಟೋದಲ್ಲಿ ಆ ಸಾಲು ನೋಡಿದ್ದೇ ನಜ್ಮುನ್ನೀಸಾ ಆರ್.ಟಿ. ನಗರದಿಂದ ಬಸ್ಸು ಹತ್ತಿಬಿಟ್ಟಿದ್ದರು. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತು ವರ್ಷ ಚೆಂಡು ಸುತ್ತಿದ ಕೈ ಅದು. ಒಂದು ಚೆಂಡಿನ ಮೇಲೂ ಅವರ ಹೆಸರು ಬಂದಿರಲಿಲ್ಲ. ದಾರ ಓಡಿರುವ ಅಡ್ಡಸಾಲು ಕಂಡರೆ ಸಾಕಿತ್ತು, ತನ್ನ ಮಗುವಿನ ಸುಳಿ ಗುರುತು ಹಿಡಿಯದ ತಾಯಿ ಉಂಟೆ?

ದಾಖಲೆ ಮನೆ ನೋಡಿಕೊಳ್ಳುವ ನಯನಾ ಬಿಳಿ ಕೈಗವಸು ತೊಟ್ಟ ಕೈಗಳನ್ನು ಹೊಸೆದುಕೊಂಡಳು. "ಅಮ್ಮ, ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ಇಲ್ಲಿ ಬರೆದದ್ದು ಮುಂದೆ ನೂರು ವರ್ಷ ಇರುತ್ತೆ. ಏನಾದ್ರೂ ಗುರುತು ಬೇಕಲ್ಲ?"

"ಗುರುತಿದೆ ಬೇಟಾ, ಹೊಟ್ಟೆಯೊಳಗಿದೆ. ನಾಲ್ಕು ಮನೆ ಹೆಂಗಸರು ಸುತ್ತಿದ್ದೆಲ್ಲ ಒಂದೇ ಚೀಲದಲ್ಲಿ ಅಂಗಡಿಗೆ ಹೋಗ್ತಿತ್ತು. ಅಂಗಡಿಯೋರು ಅದನ್ನ ಮದ್ರಾಸ್ ಡಬ್ಬಿಗೆ ತುಂಬೋರು. ಬಿಚ್ಕೊಂಡ ಚೆಂಡು ವಾಪಸ್ ಬಂದ್ರೆ ಬೈಸ್ಕೊಳ್ಳೋರು ಯಾರು ಅಂತ ಗೊತ್ತಾಗ್ಬೇಕಲ್ಲ? ಅದಕ್ಕೇ ಒಳಗೆ ಒಬ್ಬೊಬ್ಬರದು ಒಂದೊಂದು. ಮಲ್ಕಾ ಕೆಂಪು ದಾರ ಇಡ್ತಿದ್ಲು. ನಾನು ರವಿಕೆ ಹುಕ್ಕು."

"ಕೆಂಪು ದಾರ ನಾನೇ ನೋಡಿವ್ನಿ," ಎಂದರು ಅನಂತರಾಜು. ಮದ್ರಾಸ್ ಡಬ್ಬಿಯಲ್ಲಿ ಇಲ್ಲಿಯ ಚೆಂಡಿತ್ತೆಂದು ತಾವೇ ಒಪ್ಪಿಕೊಂಡಂತಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡರು. ಆಮೇಲೆ ಗೆಲುವಾಗಿ, "ಆದ್ರೆ ಹುಕ್ಕು ಒಂದಿನಾನೂ ನೋಡಿಲ್ವಲ್ಲ ತಾಯಿ!" ಎಂದರು.

"ಎಲ್ಲಿಂದ ನೋಡ್ತೀರಾ? ಗೋಡೆಗೊಂದು ಸಲ ಹೊಡೆದು, ನೆಟ್ಟಗೆ ಅಂಗೈಗೆ ಬಂದ್ರೇನೇ ನಾನು ಚೀಲಕ್ಕೆ ಹಾಕ್ತಿದ್ದದ್ದು. ಚೀಲಕ್ಕೆ ಹೋದದ್ದು ಒಂದೂ ವಾಪಸ್ ಬರ್ಲಿಲ್ಲ."

"ಅದಕ್ಕೆ ಈಗ ಬಿಚ್ಚಿ ನೋಡೋಣ ಅಂತೀರಾ? ನನ್ನ ಪ್ರಾಣ ಓದ್ರೂ ಬಿಡಾಕಿಲ್ಲ."

"ಯಾ ಅಲ್ಲಾ, ಬಿಚ್ಚೋದಾ!" ನಜ್ಮುನ್ನೀಸಾ ಎದೆಯ ಮೇಲೆ ಕೈಯಿಟ್ಟುಕೊಂಡರು. "ಬೇಡಪ್ಪ. ಮದ್ರಾಸ್ ಅಂತಾನೇ ಇರ್ಲಿ. ಚೆಂಡು ಚೆಂಡಾಗಿರ್ಲಿ." ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿಯೂಬಿಟ್ಟರು.

ಆಗಲೇ ರಸ್ತೆಯಾಚೆ ನಾಯಿಯೊಂದು ಬೊಗಳಿತು. ನಯನಾ ಕಿಟಕಿಯತ್ತ ನೋಡಿದಳು. ಎದುರುಗಡೆ ಸಾಕುಪ್ರಾಣಿಗಳ ಆಸ್ಪತ್ರೆ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿತ್ತು: ಎಕ್ಸ್‌ರೇ ಸೌಲಭ್ಯವಿದೆ.

"ಅಮ್ಮ, ನಿಲ್ಲಿ! ಸಾರ್, ನೀವೂ ಬನ್ನಿ!"

ಹತ್ತು ನಿಮಿಷದಲ್ಲಿ ಮೂವರೂ ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಚೆಂಡು ಒಂದು ಪುಟ್ಟ ಪೆಟ್ಟಿಗೆಯಲ್ಲಿ ನಯನಾಳ ತೊಡೆಯ ಮೇಲೆ. ಸುತ್ತ ಐದಾರು ನಾಯಿಗಳು, ಎಲ್ಲದರ ಮೂಗೂ ಆ ಪೆಟ್ಟಿಗೆಯ ಕಡೆಗೇ. ಅನಂತರಾಜು ಎರಡೂ ಕೈ ಅಡ್ಡ ಹಿಡಿದು ಕಾವಲಿಗೆ ನಿಂತರು. ಕಾಂಪೌಂಡರ್ ಅರ್ಬಾಜ್ ಫಾರಂ ತುಂಬುತ್ತಾ ಕೂತಿದ್ದ.

"ಹೆಸರು?"

"ಚೆಂಡು."

"ವಯಸ್ಸು?"

"ನಲವತ್ತೇಳು."

ಅರ್ಬಾಜ್ ತಲೆಯೆತ್ತಲಿಲ್ಲ. "ಕಚ್ಚುತ್ತಾ?"

"ನಾನು ಕಚ್ತೀನಿ. ಬೇಗ ತೆಗಿಯಪ್ಪ," ಎಂದರು ಅನಂತರಾಜು.

ಪರದೆಯ ಮೇಲೆ ಮೊದಲು ಮಂಜಿನಂಥ ಒಂದು ಗುಂಡು ಮೂಡಿತು. ಅದರ ನಟ್ಟನಡುವೆ, ಬೆಳ್ಳಗೆ, ಬಾಗಿದ ಎರಡು ಪುಟ್ಟ ಕೊಂಬು. ರವಿಕೆ ಹುಕ್ಕು! ನಜ್ಮುನ್ನೀಸಾ ಬೆರಳ ತುದಿಯಿಂದ ಪರದೆಯನ್ನು ಮುಟ್ಟಿದರು, ಇದ್ದಲ್ಲೇ ಇದ್ದೀಯಲ್ಲ ಎನ್ನುವಂತೆ.

ಅನಂತರಾಜು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು, ಮತ್ತೆ ಒರೆಸಿದರು. "ಆವತ್ತು ಫೈನಲ್‌ನಾಗೆ ಮೂರು ಚೆಂಡು ಬಿಚ್ಕೊಂಡೋದ್ವು. ಕೊನೇವರ್ಗೂ ನಿಂತಿದ್ದು ಇದೊಂದೇ. ಅದಕ್ಕೇ ಕಣಮ್ಮ ಜೇಬಿಗೆ ಆಕ್ಕೊಂಡ್ ಬಂದಿದ್ದು," ಎಂದರು. ಆಮೇಲೆ ನಯನಾಳ ಕಡೆ ತಿರುಗಿದರು. "ಆ ಚೀಟಿ ಅರ್ದಾಕವ್ವ. ಟೀಮಿನಾಗೆ ಐದು ಜನ ಅಂತ ಬರ್ದಿದ್ದೀಯಲ್ಲ, ಆರು ಅಂತ ಬರಿ."

"ಹೆಸರು ಪೂರ್ತಿ ಹೇಳಿಬಿಡಿ ಅಮ್ಮ," ಎಂದಳು ನಯನಾ, ಪೆನ್ನು ತೆಗೆಯುತ್ತಾ.

"ಬರ್ಕೋ. ನಜ್ಮುನ್ನೀಸಾ. ಆದ್ರೆ ಮೊದಲು ಅದನ್ನೊಂದು ಸಲ ಕೈಗೆ ಕೊಡು."

ಕೈಗವಸಿಲ್ಲದೆ ಯಾರೂ ಮುಟ್ಟಬಾರದೆಂದು ನಿಯಮ ಬರೆದವಳು ನಯನಾಳೇ. ಆದರೂ ಕೊಟ್ಟಳು. ನಜ್ಮುನ್ನೀಸಾ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಇನ್ನೂ ಬಿಗಿಯಾಗಿತ್ತು. ನಯನಾ "ಅಮ್ಮಾ!" ಎನ್ನುವಷ್ಟರಲ್ಲಿ ಅದನ್ನು ಎದುರಿನ ಗೋಡೆಗೆ ಬೀಸಿ ಹೊಡೆದರು. ಚೆಂಡು ನೆಟ್ಟಗೆ ಬಂದು ಟಪ್ಪನೆ ಅವರ ಅಂಗೈ ಸೇರಿತು. ಬೆಂಚುಗಳ ಕೆಳಗಿದ್ದ ನಾಯಿಗಳೆಲ್ಲ ಒಟ್ಟಿಗೆ ಎದ್ದು ನಿಂತವು.