ಮಿಸೆಸ್ ಸುಲೋಚನಾ

ಗಂಡ ತೀರಿಕೊಂಡ ಮೇಲೆ, ಸುಲೋಚನಾ ನಡೆಸುತ್ತಿದ್ದ ಸೋಡಾ ಕಾರ್ಖಾನೆಯ ಬಾಗಿಲು ಅವಳನ್ನೇ ಒಳಗೆ ಬಿಡುವುದನ್ನು ನಿಲ್ಲಿಸಿತು. ಗದುಗಿನ ಬಾಗಿಲುಗಳೆಲ್ಲ ಹಾಗೆಯೇ. ಬಂದವರು ಮಿಸ್ಟರ್, ಮಿಸ್ ಎಂಬಂಥ, ಬಾಗಿಲು ಒಪ್ಪುವ ಪದವನ್ನು ಹೆಸರಿಗೆ ಹಚ್ಚಿ ಹೇಳಿದರಷ್ಟೇ ತೆರೆಯುತ್ತಿದ್ದವು.

“ವಿಡೋ ಸುಲೋಚನಾ ಅಂತ ಒಂದ್ಸಲ ಅನ್ರಿ ಅಕ್ಕಾರ, ತೆರೀತೈತಿ,” ಎಂದ ಬಾಗಿಲು ಇಲಾಖೆಯ ಚನವೀರಪ್ಪ.

“ಮಿಸೆಸ್ ಸುಲೋಚನಾ,” ಎಂದಳು ಅವಳು. ಬಾಗಿಲು ಅಲುಗಲಿಲ್ಲ.

“ಅದು ಗಂಡ ಇದ್ದಾಕಿಗಷ್ಟ್ರಿ.”

“ಅದು ಆಮ್ಯಾಲೆ ಬಂದ ಅರ್ಥ. ಮೊದಲ ಇಂಗ್ಲಿಷಿನಾಗ ಅದು ಮಿಸ್ಟ್ರೆಸ್ ಅಂತಿತ್ತು. ಮನಿ ನಡಸಾಕಿ, ಆಳು ಇಟ್ಟು ಅಂಗಡಿ ನಡಸಾಕಿ, ಆಕಿಗೆ ಹಂಗಂತಿದ್ರು. ಮದುವಿ ಆಗೇತೇನು ಅಂತ ಯಾರೂ ಕೇಳ್ತಿರಲಿಲ್ಲ.” ಅತ್ತು ಮುಗಿಸಿದವರ ಒಣ ದನಿ ಅವಳದು.

“ಹಳೇ ಅರ್ಥ ಬಾಗಿಲಿಗೆ ಹೆಂಗ ತಿಳೀಬೇಕ್ರಿ? ಊರ ಮಂದಿ ಬಾಯಾಗ ಇದ್ದದ್ದಷ್ಟ ಅದು ಕಲೀತೈತಿ.”

“ಹಂಗಾರ ಕಲಿಸೂಣು.”

ಬಾಟಲಿ ತೊಳೆಯುವ ಹೆಂಗಸರು ಬೀದಿಯಲ್ಲಿ ಕಾಯುತ್ತಿದ್ದರು. ಸುಲೋಚನಾ ಸೀರೆ ಎತ್ತಿ ಕಟ್ಟಿ, ಖಾಲಿ ಕ್ರೇಟಿನ ಮೇಲೆ ಹತ್ತಿ ಕಿಟಕಿಗೆ ಕಾಲಿಟ್ಟಳು.

ಚನವೀರಪ್ಪ ಕಂಗಾಲಾದ. “ಒಂದು ಮಾತಿಗೆ ಇಷ್ಟ್ಯಾಕ್ರಿ? ದಿನಾ ಹಿಂಗ ಹತ್ತತೀರೇನು?”

“ದಿನಾ,” ಎಂದು ಅವಳು ಒಳಗೆ ಧುಮುಕಿದಳು.

ಆ ಹೆಂಗಸರಲ್ಲಿ ಮದುವೆಯ ಗೊಡವೆಗೇ ಹೋಗದ ಚಾಂದಬಿ ಬಾಗಿಲಿನತ್ತ ತಿರುಗಿ, “ಮಿಸೆಸ್ ಚಾಂದಬಿ,” ಎಂದು ಗಟ್ಟಿಯಾಗಿ ಹೇಳಿ ಕಿಟಕಿ ಹತ್ತಿದಳು. ಉಳಿದವರೂ ಹಾಗೆಯೇ ಹೇಳಿ ಹತ್ತಿದರು.

ಮಂಡಿನೋವಿನ ನೀಲವ್ವಳಿಗೆ ಕಿಟಕಿ ಹತ್ತಲಾಗಲಿಲ್ಲ. ಅವಳು ಬಾಗಿಲಿಗೆ ಎದುರಾಗಿ ಕುಳಿತು ಎಲೆಯಡಿಕೆಯ ಚೀಲ ಬಿಚ್ಚಿದಳು.

“ಮಿಸೆಸ್ ನೀಲವ್ವ,” ಎಂದಳು ಬಾಗಿಲಿಗೆ. “ನೀ ತೆರಿಯೂ ತನಕ ಅಂತೀನಿ. ನನಗೇನ ಬ್ಯಾರೆ ಕೆಲಸಿಲ್ಲ.”